ಹೆಸರಿಲ್ಲದ ಗುಳಿಗೆಗಳು

ಯಲಬುರ್ಗಾದ ನಮ್ಮ ಓಣಿಯಲ್ಲಿ ಅಂಗನವಾಡಿ ಸಹಾಯಕಿ ಶೇಖರಮ್ಮನಿಗೆ ಗುಳಿಗಿ ಶೇಖರಮ್ಮ ಎಂದೇ ಹೆಸರು. ಯಾರ ಮನೆಯಲ್ಲಿ ಗುಳಿಗೆ ಉಳಿದರೂ ಅವಳಿಗೆ ತಂದುಕೊಡುತ್ತಿದ್ದೆವು, ಯಾರಿಗೆ ಜ್ವರ ಬಂದರೂ ಅವಳ ಬಾಗಿಲಿಗೆ ಹೋಗುತ್ತಿದ್ದೆವು. "ಎರಡು ದಿನ ತಗೋ, ಜ್ವರ ಬಿಟ್ಟಮ್ಯಾಲೆ ಸಾಕು, ಹೊಟ್ಟಿ ಉರಿತೈತಿ" ಎನ್ನುತ್ತಿದ್ದಳು. ಪಕ್ಕದ ಮನೆಯ ನಾನೂ ತಿಂದಿದ್ದೇನೆ. ಈಗ ಅವಳನ್ನು ಬಯ್ಯುವ ಬಾಯಿಗಳೆಲ್ಲ ಆಗ ತಿಂದ ಬಾಯಿಗಳೇ, ತೆಪ್ಪಗಿರಲಿ.

ಅವಳ ಮಗಳು ಅಮೃತಾಗೆ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಒಂದು ಕವಾಟ ಕೆಟ್ಟಿತ್ತು. ಹೋದ ವರ್ಷ ಹಲ್ಲು ಕೀಳಿಸಿಕೊಂಡ ಮೇಲೆ ಜ್ವರ ಹಿಡಿಯಿತು. ತಾಯಿ ಗುಳಿಗೆ ಕೊಟ್ಟಳು, ಬಿಟ್ಟಿತು. ಮತ್ತೆ ಬಂತು, ಬೇರೆ ಗುಳಿಗೆ ಕೊಟ್ಟಳು. ಹೀಗೆ ಐದು ವಾರ. ಹುಡುಗಿ ನಾಲ್ಕು ಹೆಜ್ಜೆಗೇ ಏದುಸಿರು ಬಿಡತೊಡಗಿದಾಗ ಕೊಪ್ಪಳದ ಆಸ್ಪತ್ರೆಗೆ ಒಯ್ದೆವು.

ಹಲ್ಲಿನ ಗಾಯದಿಂದ ರಕ್ತಕ್ಕೆ ಇಳಿದ ಕ್ರಿಮಿಗಳು ಕವಾಟದ ಮೇಲೆ ಗೂಡು ಕಟ್ಟಿವೆ ಎಂದರು ಡಾಕ್ಟರು. ಯಾವ ಕ್ರಿಮಿ ಎಂದು ತಿಳಿಯಲು ರಕ್ತ ತೆಗೆದು ಕ್ರಿಮಿ ಬೆಳೆಸಲು ಇಟ್ಟರೆ ಏನೂ ಬೆಳೆಯಲಿಲ್ಲ.

"ಯಾವ ಗುಳಿಗಿ ಕೊಟ್ಟೀರಿ, ಅಮ್ಮಾ?"

ಶೇಖರಮ್ಮ ಚೀಲದಿಂದ ತೆಗೆದು ತೋರಿಸಿದಳು. ಔಷಧದ ಅಂಗಡಿಯವರು ಗುಳಿಗೆಯ ಪಟ್ಟಿಯಿಂದ ಎರಡು, ಮೂರು ಎಂದು ಕತ್ತರಿಸಿ ಕೊಟ್ಟ ತುಂಡುಗಳು. ಒಂದರ ಮೇಲೂ ಪೂರ್ತಿ ಹೆಸರಿಲ್ಲ.

"ಇವು ಕ್ರಿಮಿನ ಕೊಂದಿಲ್ರಿ, ಬರೇ ಅಡಗಿಸ್ಯಾವ, ಅದಕ್ಕ ರಕ್ತದಾಗ ಸಿಗವಲ್ದು. ಎರಡು ದಿನ ಈ ಔಷಧ ಎಲ್ಲಾ ನಿಲ್ಲಿಸಿ ಮತ್ತ ರಕ್ತ ತಗೀತೀವಿ. ಅಷ್ಟರಾಗ ಕವಾಟ ಹರೀಬಾರ್ದು, ಅಷ್ಟ."

ಎರಡು ದಿನ ಜ್ವರ ಏರುತ್ತಲೇ ಇತ್ತು. "ಯವ್ವಾ, ಏನರ ಕೊಡು" ಎಂದು ಅಮೃತಾ ನರಳಿದಳು. ಶೇಖರಮ್ಮ ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕುಳಿತಳು. ಅಳಲಿಲ್ಲ. ಉಂಡೆಯಾ ಎಂದರೆ ಹೂಂ ಎಂದಳು, ಉಂಡಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಕೊನೆಗೆ ಕ್ರಿಮಿ ಸಿಕ್ಕಿತು. ಪರೀಕ್ಷಿಸಿದ ಹೆಚ್ಚಿನ ಔಷಧಗಳಿಗೆ ಅದು ಜಗ್ಗಲಿಲ್ಲ. ನರಕ್ಕೆ ಕೊಡುವ ಒಂದು ಇಂಜೆಕ್ಷನ್ ಮಾತ್ರ ನಡೆಯುತ್ತದೆ, ಅದೂ ಆರು ವಾರ. ಒಂಬತ್ತನೆಯ ದಿನ ಜ್ವರ ಇಳಿಯಿತು. ಹುಡುಗಿ ಉಳಿಯುತ್ತಾಳೆ ಎಂದರು.

ಅಂದು ಶೇಖರಮ್ಮ ಗಂಜಿಯ ಲೋಟ ಹಿಡಿದು ಮಂಚದ ಬಳಿ ನಿಂತಳು. ಅಮೃತಾ ಲೋಟವನ್ನು ಕೈಯಿಂದ ತಡೆದಳು.

"ಇದರಾಗ ಏನ್ ಹಾಕೀದಿ?"

"ಉಪ್ಪು ಅಷ್ಟ, ನನ್ನವ್ವಾ."

"ಸಿಸ್ಟರ್‌ನ ಕೇಳಿಕೊಂಡು ಬಾ."

ಶೇಖರಮ್ಮ ಲೋಟ ಹಿಡಿದುಕೊಂಡೇ ಕೇಳಲು ಹೋದಳು.