ಹಳಿಯ ಮೇಲೆ ಒಡೆದ ಬೂದುಗುಂಬಳ

ಆ ಬೂದುಗುಂಬಳಕಾಯಿಯನ್ನು ಆರಿಸಿದವಳು ನಾನೇ. ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಒಂದೊಂದನ್ನೂ ಎತ್ತಿ, ಕೈಯಲ್ಲೇ ತೂಗಿ, ಮೈಮೇಲಿನ ಬೂದಿ ಉದುರದೆ ಉಳಿದ ಚೆನ್ನಾಗಿ ಬಲಿತ ಕಾಯಿಯನ್ನು ತೆಗೆದುಕೊಂಡೆ. ಚಾಮರಾಜನಗರ ದಾಟಿ, ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಇಳಿಯುವವರೆಗೂ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಅವ್ವ ಕೂತಿದ್ದಳು. ಅವಳ ಚೀಲದಲ್ಲಿ ನಿಂಬೆಹಣ್ಣು, ಕುಂಕುಮ, ಕರ್ಪೂರ, ತಮ್ಮನಿಗೆಂದು ಮಾಡಿದ ರಾಗಿ ಹುರಿಹಿಟ್ಟು.

ತಮ್ಮ ಕುಂತೂರಿನ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಕೆಲಸ ಮಾಡುತ್ತಿದ್ದವನು. ಕಬ್ಬು ಅರೆಯುವ ಕಾಲದಲ್ಲಿ ಕೆಲಸ, ಉಳಿದ ದಿನಗಳಲ್ಲಿ ಮಾಂಬಳ್ಳಿಯ ಮನೆಯ ಜಗಲಿ. ನಲವತ್ತು ದಾಟಿದ ಮೇಲೆ ಹಾಗೆ ಕೂರುವುದು ಅವನಿಗೂ ಕಷ್ಟ, ನೋಡುವ ನಮಗೂ ಕಷ್ಟ. ಅಷ್ಟರಲ್ಲಿ ತಮಿಳು ಸೀಮೆಯ ಬೆಟ್ಟದ ಪ್ರವಾಸಿ ರೈಲಿಗೆ ಮತ್ತೆ ಉಗಿ ಇಂಜಿನ್ನು ಕಟ್ಟುತ್ತಾರೆಂಬ ಸುದ್ದಿ ಬಂತು. ಸ್ಟೇಷನ್ನಿನ ಮುಂದೆ ಬಣ್ಣ ಬಳಿದು, ಜನ ಫೋಟೋ ತೆಗೆಸಿಕೊಳ್ಳಲೆಂದು ನಿಲ್ಲಿಸಿದ್ದ ಹಳೆಯ ಇಂಜಿನ್ನನ್ನೇ ಬಿಚ್ಚಿ, ತೊಳೆದು, ರಿಪೇರಿ ಮಾಡುತ್ತಿದ್ದರಂತೆ. ಡೀಸೆಲ್ ಇಂಜಿನ್ನು ನಡೆಸುವವರು ಬೇಕಾದಷ್ಟು ಜನ ಸಿಗುತ್ತಾರೆ, ಬೆಂಕಿ ನೋಡಿಕೊಳ್ಳುವವರು ಸಿಗುವುದಿಲ್ಲ. ನಿವೃತ್ತರಾಗಿದ್ದ ಒಬ್ಬ ಡ್ರೈವರನ್ನು ಮನೆಯಿಂದ ಕರೆಸಿದರು. ಅವರ ಕೈಕೆಳಗೆ ಕಲ್ಲಿದ್ದಲು ಹಾಕಲು ನನ್ನ ತಮ್ಮ ಹೋದ.

ಪರೀಕ್ಷೆಯ ಓಟ ಸರಿಯಾಗಿ ಆದರೆ ಕೆಲಸ ಕಾಯಂ ಎಂದು ಹೇಳಿದ್ದರು. ಆಗದಿದ್ದರೆ ಇಂಜಿನ್ನೂ ಮತ್ತೆ ಸ್ಟೇಷನ್ನಿನ ಮುಂದಕ್ಕೆ, ತಮ್ಮನೂ ಮತ್ತೆ ಜಗಲಿಗೆ. ಆ ದಿನ ಮನೆಯವರು ಬರಬಹುದು ಎಂದಾಗ ಅವನೇ ಫೋನ್ ಮಾಡಿ, "ಅವ್ವನ್ ಕರ್ಕಂಡ್ ಬಾ ಅಕ್ಕ, ನೋಡ್ಲಿ" ಎಂದಿದ್ದ.

ನಮ್ಮ ಕೊಳ್ಳೇಗಾಲಕ್ಕಾಗಲಿ ಯಳಂದೂರಿಗಾಗಲಿ ಹನೂರಿಗಾಗಲಿ ರೈಲಿಲ್ಲ. ನಮಗೆ ಗೊತ್ತಿರುವುದು ಕಬ್ಬಿನ ಟ್ರ್ಯಾಕ್ಟರು, ಲಾರಿ, ಬಸ್ಸು. ಹೊಸ ಗಾಡಿ ಬಂದರೆ ಚಕ್ರಕ್ಕೆ ನಿಂಬೆಹಣ್ಣು, ಮುಂದುಗಡೆ ಕುಂಬಳಕಾಯಿ. ಕಾರ್ಖಾನೆಯಲ್ಲೂ ಹಂಗಾಮಿನ ಮೊದಲ ದಿನ ಬಾಯ್ಲರಿನ ಬಾಯಿ ಮುಂದೆ ಕುಂಬಳಕಾಯಿ ಒಡೆದೇ ಬೆಂಕಿ ಹಾಕುವುದು. ಎಷ್ಟೋ ವರ್ಷ ತಮ್ಮನೇ ಒಡೆದಿದ್ದಾನೆ.

ಸ್ಟೇಷನ್ನಿನಲ್ಲಿ ಅಧಿಕಾರಿಗಳು ಆಗಲೇ ಪೂಜೆ ಮುಗಿಸಿದ್ದರು. ಒಂದು ತೆಂಗಿನಕಾಯಿ, ಒಂದು ಹಾರ, ಅಷ್ಟೇ. ಅವ್ವ ಮುಖ ಸಿಂಡರಿಸಿದಳು.

"ಇದೇನವ್ವ, ಇಷ್ಟೇಯಾ? ಕುಂಬ್ಳಕಾಯಿ ಒಡೀದೆ ಬಾಯ್ಲರ್ ಹತ್ಸವ್ರಲ್ಲಾ! ದೃಷ್ಟಿ ಆಗ್ದೆ ಇದ್ದದಾ?"

"ಸುಮ್ಕಿರವ್ವ, ನಾವ್ ತಂದಿಲ್ವಾ" ಎಂದೆ.

ಇಂಜಿನ್ನು ಪ್ಲಾಟ್‌ಫಾರಮ್ಮಿನ ಕೊನೆಯಲ್ಲಿ ಏದುಸಿರು ಬಿಡುತ್ತ ನಿಂತಿತ್ತು. ಮುಂದಕ್ಕೆ ಹಳಿ ಸೀದಾ ಏರು. ತಮ್ಮ ಒಳಗೆ ಬೆನ್ನು ಬಗ್ಗಿಸಿ ಬೆಂಕಿ ನೋಡುತ್ತಿದ್ದ, ನಮ್ಮನ್ನು ಕಂಡಿರಲಿಲ್ಲ. ಅವ್ವನ ಕೈಹಿಡಿದು ಪ್ಲಾಟ್‌ಫಾರಮ್ಮಿನ ತುದಿಯ ಇಳಿಜಾರಿನಲ್ಲಿ ಹಳಿಗೆ ಇಳಿದೆ. ಅವಳು ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಳು. ನಾನು ಕುಂಬಳಕಾಯಿಗೆ ತೂತು ಮಾಡಿ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಇಂಜಿನ್ನಿಗೆ ನಿವಾಳಿಸಿ ಇಳಿ ತೆಗೆದು, ಹಳಿಯ ಮೇಲೇ ಕುಕ್ಕಿದೆ. ಪದ್ಧತಿಯ ಪ್ರಕಾರ ಅರ್ಧ ಆ ಕಡೆಗೆ, ಅರ್ಧ ಈ ಕಡೆಗೆ. ಎರಡೂ ಹಳಿಗೆ ಚೆನ್ನಾಗಿ ಉಜ್ಜಿದೆ. ಪತ್ರಿಕೆಯವನೊಬ್ಬ ಫೋಟೋ ತೆಗೆದ. ಯಾರೂ ಬೇಡ ಅನ್ನಲಿಲ್ಲ.

ಸೀಟಿ ಕೂಗಿತು. ಇಂಜಿನ್ನು ಒಂದಡಿ ಮುಂದೆ ಬಂತು. ಆಮೇಲೆ ದೊಡ್ಡ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗತೊಡಗಿದವು. ಚಿಮಣಿಯಿಂದ ಭುಸಭುಸ ಹೊಗೆ, ಕಬ್ಬಿಣದ ಮೇಲೆ ಕಬ್ಬಿಣ ಕಿರುಚುವ ಸದ್ದು. ಗಾಡಿ ಮಾತ್ರ ಜಗ್ಗಲಿಲ್ಲ. ಡ್ರೈವರ್ ಉಗಿ ನಿಲ್ಲಿಸಿ, ಮತ್ತೆ ಬಿಟ್ಟರು. ಮತ್ತೆ ಅದೇ. ಜನ ಮೊದಲು ಚಪ್ಪಾಳೆ ತಟ್ಟಿದರು. ಆಮೇಲೆ ಒಬ್ಬ ನಕ್ಕ, ಆಮೇಲೆ ಎಲ್ಲರೂ.

ಡ್ರೈವರ್ ಕೆಳಗಿಳಿದು ಹಳಿಯನ್ನು ಬೆರಳಿಂದ ಮುಟ್ಟಿ ನೋಡಿದರು. ಬೆರಳಿನಲ್ಲಿ ಕೆಂಪು ಲೋಳೆ.

"ಯಾರ್ರೀ ಇದನ್ನ ಹಳಿ ಮೇಲೆ ಹಾಕಿದ್ದು?" ಎಂದು ಕನ್ನಡದವರೇ ಆಗಿದ್ದ ಅಧಿಕಾರಿಯೊಬ್ಬರು ಕೂಗಿದರು.

ತಮ್ಮ ಇಂಜಿನ್ನಿನಿಂದ ಇಣುಕಿದ. ನನ್ನ ಕೈ ನೋಡಿದ, ಕುಂಕುಮ ಅಂಟಿದ ಕೈ. ತಟ್ಟನೆ ಬೇರೆ ಕಡೆ ತಿರುಗಿದ. ಆಗ ನಾನು ಸುಮ್ಮನಿದ್ದಿದ್ದರೆ ಯಾರೋ ಊರಿನ ಹೆಂಗಸರು ಮಾಡಿದ್ದು ಎಂದು ಮುಗಿಯುತ್ತಿತ್ತು. ಅವನಿಗೆ ಬೇಕಾಗಿದ್ದದ್ದೂ ಅದೇ ಎಂದು ಈಗ ತಿಳಿಯುತ್ತದೆ. ಆದರೆ ಅವನ ತಲೆಗೆ ಬರುತ್ತದೆಂಬ ಗಾಬರಿಯಲ್ಲಿ ನಾನು ಮುಂದೆ ನುಗ್ಗಿದೆ.

"ನಾನು ಸಾ, ಒಡದದ್ದು ನಾನು. ನನ್ ತಮ್ಮಂದೇನೂ ತಪ್ಪಿಲ್ಲ ಸಾ!"

"ತಮ್ಮನಾ? ಯಾರು ತಮ್ಮ?"

ನಾನು ಬೆರಳು ತೋರಿಸಿಬಿಟ್ಟೆ.

ಅಧಿಕಾರಿ ಬಯ್ಯಲೂ ಇಲ್ಲ. "ಇಳಿಯಪ್ಪಾ, ಮನೆಯವರು ಅಡುಗೆ ಮಾಡಿ ಹೋಗಿದ್ದಾರೆ, ಒರೆಸು" ಎಂದರು. ಪ್ಲಾಟ್‌ಫಾರಮ್ಮು ಮತ್ತೊಮ್ಮೆ ನಕ್ಕಿತು.

ತಮ್ಮ ಗೋಣಿಚೀಲ ತೆಗೆದುಕೊಂಡು ಇಳಿದು, ಹಳಿಯ ಪಕ್ಕ ಮಂಡಿಯೂರಿದ. ಹಿಂದಿನಿಂದ ನೋಡಿದರೂ ಅವನ ಕಿವಿ ಕೆಂಪಾಗಿದ್ದು ಕಾಣುತ್ತಿತ್ತು. ಅವ್ವ ಯಾರನ್ನೂ ಕೇಳಲಿಲ್ಲ. ಅವನ ಎದುರಿಗೆ ಜಲ್ಲಿಕಲ್ಲಿನ ಮೇಲೆ ಕೂತು, ಸೆರಗಿನಿಂದಲೇ ಇನ್ನೊಂದು ಹಳಿಯನ್ನು ಒರೆಸತೊಡಗಿದಳು. ಅಂಟಿದ ಬೀಜಗಳನ್ನು ಉಗುರಿನಿಂದ ಕಿತ್ತು ಮಡಿಲಿಗೆ ಹಾಕಿಕೊಂಡಳು.

"ಏಳವ್ವ, ಏಳು" ಎಂದು ತಮ್ಮ ಹಲ್ಲು ಕಚ್ಚಿ ಹೇಳಿದ.

"ನೀ ಆ ಕಡೆ ನೋಡ್ಕ. ಇದು ಬ್ಯಾಗ ಓಯ್ತದ" ಎಂದಳು.

ನಾನು ನಿಂತೇ ಇದ್ದೆ. ತಮ್ಮನ ದೊಡ್ಡ ದಿನವೆಂದು ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದೆ. ಎಣ್ಣೆ, ಮಸಿ, ಜಲ್ಲಿಕಲ್ಲು ನೋಡಿ ಒಂದು ಕ್ಷಣ ಹಿಂಜರಿದೆ. ಆ ಕ್ಷಣದಲ್ಲಿ ಅವರಿಬ್ಬರೂ ಒರೆಸಿ ಮುಗಿಸಿದ್ದರು. ನಗುವವರ ಸಾಲಿನಲ್ಲಿ ನಾನು ನಗದೆ ನಿಂತಿದ್ದೆ, ಅಷ್ಟೇ ವ್ಯತ್ಯಾಸ.

ಚಕ್ರಕ್ಕೆ ಹಿಡಿತ ಸಿಗಲೆಂದು ಡ್ರೈವರ್ ಹಳಿಯ ಮೇಲೆ ಮರಳು ಹಾಕಿಸಿದರು. ಇಂಜಿನ್ನು ಏರು ಹತ್ತಿತು, ನಿಧಾನವಾಗಿ, ಒಂದು ಸಲವೂ ಜಾರದೆ. ಹೊಗೆ ಮರಗಳ ಮೇಲೆ ಹೋಗುವುದನ್ನು ಅವ್ವ ಬಾಯಿ ತೆರೆದು ನೋಡಿದಳು. ಅವಳಿಗೆ ಖುಷಿಯಾಗಿತ್ತು. ನನಗೆ ಅದೂ ಆಗಲಿಲ್ಲ.

ಸಂಜೆ ತಮ್ಮ ನಲ್ಲಿಯಲ್ಲಿ ಕೈ ತೊಳೆಯುತ್ತ ನಮ್ಮೊಂದಿಗೆ ಮಾತಾಡಿದ.

"ಕೆಲ್ಸ ಓಗ್ನಿಲ್ಲ. ಡ್ರೈವರ್ ನನ್ ಪರ ಮಾತಾಡುದ್ರು."

"ಮಾದಪ್ಪ ಕಾಪಾಡ್ದ" ಎಂದಳು ಅವ್ವ.

"ಕುಂಬ್ಳಕಾಯಿ ಅಂತ ಎಸ್ರಿಟ್ಟವ್ರ ನಂಗೆ. ಇನ್ ಅದೇ ಎಸ್ರು ಕನ." ಸ್ವಲ್ಪ ಹೊತ್ತು ಮಸಿ ಉಜ್ಜಿದ. "ಅಕ್ಕ, ಜನ ಕೂರುಸ್ಕಂಡು ಓಡುಸ್ತೀವಲ್ಲ, ಆಗ ನೀವ್ ಬರ್ಬ್ಯಾಡಿ."

"ಬರಾಕಿಲ್ಲ ಬುಡಪ್ಪ" ಎಂದಳು ಅವ್ವ. ನಾನು ಹುರಿಹಿಟ್ಟಿನ ಡಬ್ಬಿಯನ್ನು ಅವನ ಕೈಗಿಟ್ಟೆ, ತೆಗೆದುಕೊಂಡ.

ಈಗ ಆ ರೈಲು ಓಡುತ್ತಿದೆ. ಜನ ಮೊಬೈಲಿನಲ್ಲಿ ಹೊಗೆಯ ವಿಡಿಯೋ ಕಳಿಸುತ್ತಾರೆ. ಒಂದರಲ್ಲಿ ಸಲಿಕೆ ಹಿಡಿದ ತೋಳು ಕಂಡಿತು, ಅವನದೇ ಎಂದು ಅವ್ವ ಹಟ ಹಿಡಿದಳು. ಮೊನ್ನೆ ಪಕ್ಕದ ಮನೆಯಾಕೆ ಬಂದು ನಮ್ಮ ಜಗಲಿಯಲ್ಲಿ ಕೂತಳು.

"ಅಲ್ಲ ಕನಕ್ಕ, ಸ್ವಂತ ತಮ್ಮನ್ ರೈಲು, ನೀವಿನ್ನೂ ಓಗೇ ಇಲ್ವಲ್ಲ! ನಮ್ಮುಡುಗಿ ಮೊಬೈಲಲ್ಲೇ ಟಿಕೇಟ್ ಮಾಡ್ಕೊಡ್ತಾಳ, ಎಲ್ಲಾರೂ ಓಗ್ಬರವ."

"ಅವ್ವುಂಗೆ ಘಾಟಿ ತಿರುವು ಆಗಲ್ಲ ಕನಕ್ಕ, ವಾಂತಿ ಆಯ್ತದ" ಎಂದೆ.

ಒಂದು ಸಲವೂ ಬಸ್ಸಿನಲ್ಲಿ ವಾಂತಿ ಮಾಡದ ಅವ್ವ, ಅವರೆಕಾಯಿ ಸುಲಿಯುತ್ತಿದ್ದವಳು, ತಲೆ ಎತ್ತಿ ನನ್ನನ್ನು ನೋಡಿದಳು. "ಊಂ ಕನವ್ವ, ನಂಗಾಗಲ್ಲ" ಎಂದು ಪಕ್ಕದ ಮನೆಯಾಕೆಗೆ ಹೇಳಿ, ಮತ್ತೆ ಮೊರಕ್ಕೆ ತಲೆ ಬಗ್ಗಿಸಿದಳು.