ಬಂದ, ಬಂದ್

ಹೂಲಿಯ ಉಳವಪ್ಪ ರಜೆಗೆ ಊರಿಗೆ ಬಂದನೆಂದರೆ ಬಿಸಿಲಿಗೆ ಮೈಯೊಡ್ಡಿ ಕಟ್ಟೆಯ ಮೇಲೆ ಮಲಗಿಬಿಡುತ್ತಿದ್ದ. ಊರಿನವರ ಕಣ್ಣಿಗೆ ಸೋಮಾರಿ. ಕರೆಂಟ್ ಹೋದರೆ, "ಏನ್ರಿ ಉಳವಪ್ಪಣ್ಣ, ನಿಮ್ಮ ಕರೆಂಟಿನ ಕೇಂದ್ರದಾಗ ಯಾರೂ ಇಲ್ಲೇನು?" ಎಂದು ಅವನನ್ನೇ ಎಬ್ಬಿಸುತ್ತಿದ್ದರು. ಹನ್ನೆರಡು ವರ್ಷ ನೆಲದೊಳಗೆ ದುಡಿದವನ ದಣಿವು ಈ ಜನಕ್ಕೇನು ಗೊತ್ತು?

ಘಟ್ಟದ ಒಂದು ಗುಡ್ಡದ ಹೊಟ್ಟೆಯನ್ನು ಕೊರೆದು ವಿದ್ಯುತ್ ಕೇಂದ್ರ ಮಾಡಿದ್ದರು. ಮೇಲಿನ ಜಲಾಶಯದ ನೀರು ಕೊಳವೆಯಲ್ಲಿ ಧುಮುಕಿ, ಉಕ್ಕಿನ ಚಕ್ರಗಳನ್ನು ತಿರುಗಿಸಿ, ಸುರಂಗ ಹಿಡಿದು ಹೊಳೆ ಸೇರುತ್ತಿತ್ತು. ಆ ನೀರನ್ನು ಬಿಡುವುದು, ನಿಲ್ಲಿಸುವುದು ಉಳವಪ್ಪನ ಕೆಲಸ. ಹಗಲು ಪಾಳಿಯಾದರೂ ಸೂರ್ಯನ ಮುಖ ಕಾಣದು. ಎಂಟು ತಾಸು ಅದೇ ಸದ್ದು, ಅದೇ ತೇವದ ಗಾಳಿ.

ಎಪ್ಪತ್ನಾಲ್ಕನೆಯ ಇಸವಿಯಲ್ಲಿ ಒಂದು ಚಕ್ರದ ತಪಾಸಣೆ ಬಂತು. ಉಳವಪ್ಪ ನೀರು ನಿಲ್ಲಿಸಿದ. ಸಾಲಹಳ್ಳಿಯ ದುರ್ಗಪ್ಪ ದೀಪ ಹಿಡಿದು ಚಕ್ರದ ಗೂಡಿನೊಳಗೆ ನುಸುಳಿದ. ಗೂಡಿನ ಬಾಗಿಲಲ್ಲಿ ಗಂಗಪ್ಪ ಫೋನಿನ ಹತ್ತಿರ ಕುಳಿತ. "ನೀರು ಇನ್ನೂ ಸೋರಾಕ ಹತ್ತೈತಿ" ಎಂದು ಅವನು ಒಮ್ಮೆ ತಿಳಿಸಿದ್ದ. ಎರಡನೆಯ ಪಾಳಿಯೂ ತಲೆಗೆ ಬಿದ್ದು ಉಳವಪ್ಪನ ಕಣ್ಣು ಎಳೆಯುತ್ತಿದ್ದವು. ಮೇಲಿನ ವಾಲ್ವ್ ಕೋಣೆಯಿಂದ ಗಂಗಪ್ಪನಿಗೆ ಫೋನಿನಲ್ಲಿ ಒಂದೇ ಮಾತು ಕೇಳಿದ.

"ಬಂದ?"

"ಬಂದ್."

ದುರ್ಗಪ್ಪ ಹೊರಗೆ ಬಂದನೇ ಎಂದು ಇವನ ಪ್ರಶ್ನೆ. ಸೋರುವುದು ಬಂದ್ ಆಗಿದೆ ಎಂದು ಗಂಗಪ್ಪನ ಉತ್ತರ. ಉಳಿದ ಚಕ್ರಗಳ ಗದ್ದಲದಲ್ಲಿ ಅರ್ಧ ಅಕ್ಷರದ ವ್ಯತ್ಯಾಸ ಯಾರಿಗೆ ಕೇಳೀತು? ಬಾಗಿಲು ಬಿಗಿದಿರೇ ಎಂದು ಉಳವಪ್ಪ ಇನ್ನೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ. ಮೊದಲು ಸ್ವಲ್ಪ ನೀರು ತುಂಬಿಸುವ ಸಣ್ಣ ವಾಲ್ವ್ ತೆರೆದ.

"ನಿಲ್ಸೋ, ದುರ್ಗಪ್ಪ ಒಳಗ ಅದಾನ!" ಎಂದು ಗಂಗಪ್ಪ ಫೋನಿನಲ್ಲಿ ಕಿರುಚಿದ. ಉಳವಪ್ಪ ವಾಲ್ವ್ ತಿರುಗಿಸಿ ಮುಚ್ಚಿದ.

ಎದೆಮಟ್ಟ ತೊಯ್ದಿದ್ದ ದುರ್ಗಪ್ಪನನ್ನು ಎಳೆದು ತೆಗೆದರು. ಜೀವ ಉಳಿಯಿತು. ಆದರೆ ಅವನು ಉಳವಪ್ಪನ ಮುಖ ನೋಡಲಿಲ್ಲ.

ಅಂದಿನಿಂದ ಒಳಗೆ ಹೋದವನು ಹೊರಬಂದು ತಾನೇ ಫೋನಿನಲ್ಲಿ "ಹೊರಗ ಅದೇನಿ" ಎನ್ನಬೇಕು. ಅಲ್ಲಿಯವರೆಗೆ ಸಾಹೇಬರು ಬೈದರೂ ಉಳವಪ್ಪ ವಾಲ್ವ್ ಮುಟ್ಟುತ್ತಿರಲಿಲ್ಲ. ದುರ್ಗಪ್ಪನೂ ಒಂದು ವರ್ಷ ಆ ಎರಡೇ ಮಾತು ಹೇಳಿದ, ಮೂರನೆಯದನ್ನು ಆಡಲಿಲ್ಲ. ಆಮೇಲೆ ಕೆಲಸ ಬಿಟ್ಟು ಸಾಲಹಳ್ಳಿಗೆ ಹೋದ. ಅವನ ಮನಸ್ಸು ತಿಳಿಯಾದೀತೇ ಎಂಬ ಚಿಂತೆಯಲ್ಲಿ ಉಳವಪ್ಪ ಸೊರಗಿದ.

ನಾಲ್ಕು ವರ್ಷದ ಮೇಲೆ ಒಂದು ಮಧ್ಯಾಹ್ನ, ಹೂಲಿಯ ಮನೆಯಲ್ಲಿ ಹೆಂಡತಿ ಸಾವಿತ್ರೆವ್ವ ಕಿಟಕಿಯಿಂದ ಇಣುಕಿ, "ನಿಮ್ಮ ದುರ್ಗಪ್ಪ ಬಂದಾನ್ರಿ" ಎಂದಳು.

ಹಾಸಿಗೆಯ ಮೇಲಿದ್ದ ಉಳವಪ್ಪನಿಗೆ ನಂಬಿಕೆ ಬರಲಿಲ್ಲ.

"ಅವನ ಬಾಯಿಲೇ ಹೇಳಲಿ."

ಹೊರಗಿನಿಂದ ಬಾಗಿಲ ಚಿಲಕ ಬಡಿದ ಸದ್ದಾಯಿತು.

"ಹೊರಗ ಅದೇನಿ," ಎಂದಿತು ದನಿ. "ಬಾಗಲಾ ತಗೀರಿ, ಅಣ್ಣಾ."