ಮರುಗದ ಎಲೆ ತೊಳೆದದ್ದು

ಕಪ್ಪಾಗಿ ಮುದುಡಿದ ಮರುಗದ ಎಲೆಯೊಂದನ್ನು ಇವತ್ತು ಬೆಳಿಗ್ಗೆ ಬೆರಳಲ್ಲಿ ತಿಕ್ಕಿ ಮೂಸಿದೆ. ವಾಸನೆ ಇನ್ನೂ ಇತ್ತು. ಕಿಟಕಿಯಾಚೆ ಹಿಮಾಚಲದ ಬೆಟ್ಟ, ಮೂಗಿನಲ್ಲಿ ಮಾತ್ರ ಕೆಜಿಎಫ್‌ನ ಲೈನ್ ಮನೆ: ಎರಡು ಕೋಣೆ, ತಗಡಿನ ಸೂರು, ಬಾಗಿಲ ಪಕ್ಕದ ಹಳೇ ಬಕೆಟ್ಟಿನಲ್ಲಿ ಅಜ್ಜಿಯ ಮರುಗ. ತಾತ ಗಣಿಗೆ ಇಳಿಯುತ್ತಿದ್ದರು. ಅವರ ಪಾಳಿ ಯಾವುದೇ ಇರಲಿ, ಅಜ್ಜಿಯ ಬೆಳಗು ಶುರುವಾಗುತ್ತಿದ್ದುದು ಆ ಗಿಡದ ಮುಂದೆ. ಲೈನಿನ ಹಿಂದೆಯೇ ಸೈನೈಡ್ ದಿಬ್ಬ. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ. ಗಾಳಿ ಎದ್ದರೆ ಅದರ ಬಿಳಿ ದೂಳು ಊಟದ ತಟ್ಟೆಯನ್ನೂ ಬಿಡುತ್ತಿರಲಿಲ್ಲ. ಅಜ್ಜಿ ಚೊಂಬಿನ ನೀರಲ್ಲಿ ಕೈ ಅದ್ದಿ, ಮಗುವಿನ ಮುಖ ತೊಳೆದಂತೆ ಒಂದೊಂದೇ ಕುಡಿ ತೊಳೆಯುತ್ತಿದ್ದಳು. "ಬಿಳೀದು ಕಂಡ್ರೆ ತೊಳ್ದ್‌ಬಿಡಮ್ಮಿ, ಇಲ್ದಿದ್ರೆ ಉಸ್ರು ಕಟ್ಟಿ ಓಗ್ತದೆ" ಅನ್ನುತ್ತಿದ್ದಳು. ಆಮೇಲೆ ಒಂದು ಕುಡಿ ಚಿವುಟಿ, ಕನಕಾಂಬರದ ಜೊತೆ ಕಟ್ಟಿ ನನ್ನ ಜಡೆಗೆ ಮುಡಿಸುತ್ತಿದ್ದಳು.

ಗಣಿ ಮುಚ್ಚಿತು, ತಾತ ಹೋದರು. ಲೈನ್ ಮನೆ ಬಿಟ್ಟು ಬಂಗಾರಪೇಟೆಗೆ, ನಮ್ಮಮ್ಮನ ಹತ್ತಿರ ಬಂದ ದಿನ ಅಜ್ಜಿ ಬಸ್ಸಿನುದ್ದಕ್ಕೂ ಆ ಬಕೆಟ್ಟನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದಳು. ಅವಳು ತೀರಿಕೊಂಡ ವರ್ಷ ಅಮ್ಮನ ಅಂಗಳದ ಗಿಡವೂ ಒಣಗಿತು. ಅದಕ್ಕೆ ಮುಂಚೆ ನಾನು ಮುರಿದು ತಂದಿದ್ದ ಒಂದು ಕಡ್ಡಿ, ಟೀಚರ್ ಕೆಲಸಕ್ಕೆಂದು ಬಂದ ಈ ಚಳಿಯೂರಿನ ಕುಂಡದಲ್ಲಿ ಹೇಗೋ ಚಿಗುರಿತ್ತು. ಅಜ್ಜಿಯ ಮರುಗ ಇನ್ನೆಲ್ಲೂ ಉಳಿದಿರಲಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ನನ್ನ ಸಂಕಟ ನಿಮಗೆ ಗೊತ್ತಾಗುತ್ತದೆ.

ಹೋದ ವಾರ ಎದ್ದು ನೋಡಿದರೆ ಎಲೆಗಳ ಮೇಲೆಲ್ಲ ಬಿಳಿ ಪುಡಿ. ನಿದ್ದೆಗಣ್ಣು. ಇಲ್ಲಿ ದಿಬ್ಬವೂ ಇಲ್ಲ, ದೂಳೂ ಇಲ್ಲ ಎಂದು ಹೊಳೆಯುವ ಮೊದಲೇ ಕೈ ಚೊಂಬು ಹಿಡಿದಿತ್ತು. ಅದು ಹೆಪ್ಪುಗಟ್ಟಿದ ಇಬ್ಬನಿ ಎಂದು ತಿಳಿದದ್ದು, ನಾನು ಹಾಕಿದ ನೀರೂ ಎಲೆಯ ಮೇಲೆ ಗಾಜಾದಾಗ. ಸಂಜೆಗೆ ಗಿಡ ಕಪ್ಪಾಯಿತು. ಫೋನಿನಲ್ಲಿ ವಿಡಿಯೊ ಹುಡುಕಿದೆ. ಬಿಸಿಲು ಬೀಳುವ ಮುಂಚೆ ನೀರು ಚಿಮುಕಿಸಿ ಅಂದ ಒಬ್ಬ. ಅವನ ಬೆನ್ನ ಹಿಂದೆ ತೆಂಗಿನ ಮರವಿತ್ತು. ನೀರು ಸೋಕಿಸಲೇಬೇಡಿ ಅಂದಳು ಇನ್ನೊಬ್ಬಳು. ನರ್ಸರಿಯವನು ಬುಡದವರೆಗೂ ಕತ್ತರಿಸು ಅಂದ. ಇದೇ ಬೆಟ್ಟದಲ್ಲಿ ಹುಟ್ಟಿ ಬೆಳೆದ ಪಕ್ಕದ ಮನೆಯ ಮುದುಕಿ ಮಾತ್ರ, ಒಳಗಿಡು, ಕತ್ತರಿಸಬೇಡ, ತೊಳೆಯಬೇಡ, ಬದುಕಿದೆಯೋ ಇಲ್ಲವೋ ಚಳಿ ಕಳೆದ ಮೇಲೆ ನೋಡೋಣ ಅಂದಳು. ಯಾರನ್ನು ನಂಬಲಿ? ಕೊನೆಗೆ ಅಮ್ಮನಿಗೆ ಫೋನ್ ಮಾಡಿದೆ.

"ಆ ಚಳಿ ನಂಗೇನ್ ಗೊತ್ತಮ್ಮ, ನಿಮ್ಮಜ್ಜಿ ಮಾಡ್ದಂಗೆ ಮಾಡು" ಅಂದಳು ಅಮ್ಮ.

ಹಾಗೆ ಮಾಡಿಯೇ ಹೀಗಾಗಿತ್ತು. ಫೋನ್ ಇಟ್ಟು ಅತ್ತೆ. ಕುಂಡವನ್ನು ಅಡುಗೆಮನೆಗೆ ತಂದಿಟ್ಟೆ. ಆದರೂ ಇವತ್ತು ಎದ್ದ ಕೂಡಲೇ ಕೈ ತಾನಾಗಿ ಚೊಂಬು ತುಂಬಿಕೊಂಡಿತು. ಗಿಡಕ್ಕೆ ನೀರು ಸೋಕಿಸದೆ ಒಂದು ಎಲೆ ಮಾತ್ರ ತಿಕ್ಕಿ ಮೂಸಿದೆ. ಆಮೇಲೆ ಆ ನೀರಲ್ಲಿ ನನ್ನ ಮುಖ ತೊಳೆದುಕೊಂಡೆ.